ಸ್ಲೋನಲ್ಲಿ ನಿಲ್ಲದ ಪಿಕಪ್

"ರೇಸ್ ಕೊಟ್ಟರೆ ಚೆನ್ನಾಗೇ ಹೋಗ್ತದೆ ಅಣ್ಣಾ, ಕಾಲು ತೆಗೆದರೆ ಆಫ್ ಆಗ್ತದೆ."

ಹತ್ತು ಹದಿನೈದು ವರ್ಷ ದುಡಿದ ಡೀಸೆಲ್ ಪಿಕಪ್ ಗ್ಯಾರೇಜಿನ ಮುಂದೆ ಬಂದು ನಿಂತಾಗ ಡ್ರೈವರ್ ಬಾಯಿಂದ ಬರುವ ಮಾತು ಹೆಚ್ಚಾಗಿ ಇದೇ. ಟಾಟಾ 207 ಆಗಲಿ, ಬೊಲೆರೊ ಪಿಕಪ್ ಆಗಲಿ, 407 ಆಗಲಿ, ದೂರಿನ ಧಾಟಿ ಒಂದೇ. ಕೋಲಾರದ ಎಪಿಎಂಸಿಗೆ ಟೊಮೆಟೊ ಕ್ರೇಟು ತುಂಬಿಕೊಂಡು ಹೈವೇಯಲ್ಲಿ ಸಲೀಸಾಗಿ ಬಂದ ಗಾಡಿ, ಯಾರ್ಡಿನ ಗೇಟಿನ ಮುಂದಿನ ಸಾಲಿನಲ್ಲಿ ನಾಲ್ಕು ಸಲ ನಿಂತು ಹೋಗುತ್ತದೆ. ಹಿಂದಿನವರು ಹಾರ್ನ್ ಒತ್ತುತ್ತಾರೆ. ಡ್ರೈವರ್ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಯುತ್ತದೆ.

ಇದಕ್ಕೆ ಊರೂರಲ್ಲೂ ಸಿಗುವ ಮದ್ದು ಒಂದಿದೆ. ಕಾಲು ತೆಗೆದಾಗ ಎಂಜಿನ್ ಓಡುವ ವೇಗವನ್ನು, ಅಂದರೆ ಐಡ್ಲಿಂಗನ್ನು (ಗ್ಯಾರೇಜಿನ ಮಾತಿನಲ್ಲಿ 'ಸ್ಲೋ') ಹೊಂದಿಸಲು ಡೀಸೆಲ್ ಪಂಪಿನ ಮೇಲಿರುವ ಐಡ್ಲಿಂಗ್ ಸ್ಕ್ರೂವಿನ ಲಾಕ್ ನಟ್ ಸಡಿಲಿಸಿ, ಅರ್ಧ ಸುತ್ತು ಒಳಕ್ಕೆ ತಿರುಗಿಸಿ, ಮತ್ತೆ ಬಿಗಿ ಮಾಡುವುದು. ಎರಡು ನಿಮಿಷದ ಕೆಲಸ. "ಸ್ಲೋ ಏರಿಸಿದೀನಿ, ಹೋಗಿ ಬಾ." ಗಾಡಿ ಆಫ್ ಆಗದೆ ಸ್ಲೋನಲ್ಲಿ ಓಡುತ್ತದೆ, ಡ್ರೈವರ್ ಖುಷಿಯಾಗಿ ಹೋಗುತ್ತಾನೆ. ಹದಿನೈದು ದಿನ ಕಳೆದ ಮೇಲೆ ಅದೇ ಕಾಯಿಲೆ ಮರಳುತ್ತದೆ, ಮತ್ತೆ ಅರ್ಧ ಸುತ್ತು. ಕೊನೆಗೊಂದು ದಿನ ನಿಂತಲ್ಲೇ ಸಾವಿರಕ್ಕಿಂತ ಹೆಚ್ಚು ಆರ್‌ಪಿಎಂನಲ್ಲಿ ಅರಚುವ, ಗೇರ್ ಹಾಕಿದರೆ ಕಟಕಟ ಅನ್ನುವ, ಡೀಸೆಲ್ ಕುಡಿಯುವ ಗಾಡಿಯೊಂದು ಉಳಿಯುತ್ತದೆ. ಮೂಲ ದೋಷ ಇದ್ದಲ್ಲೇ ಇರುತ್ತದೆ. ಐಡ್ಲಿಂಗ್‌ನಲ್ಲಿ ಆಫ್ ಆಗುವುದು ರೋಗವಲ್ಲ, ರೋಗದ ಲಕ್ಷಣ. ಎಂಜಿನ್ನಿನ ಬೇರೆ ಯಾವ ವೇಗದಲ್ಲೂ ಕಾಣಿಸದ ಸಣ್ಣ ದೋಷವನ್ನು ಐಡ್ಲಿಂಗ್ ಬಯಲಿಗೆಳೆಯುತ್ತದೆ. ಸ್ಕ್ರೂ ತಿರುಗಿಸುವುದೆಂದರೆ ಆ ಸುಳಿವನ್ನೇ ಅಳಿಸಿ ಹಾಕಿದಂತೆ.

ಐಡ್ಲಿಂಗ್‌ನಲ್ಲೇ ಏಕೆ ಬಯಲಾಗುತ್ತದೆ ಎಂಬುದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 750 ಆರ್‌ಪಿಎಂನಲ್ಲಿ ತಿರುಗುತ್ತಿದೆ ಎನ್ನಿ. ಪ್ರತಿ ಸುತ್ತಿಗೆ ಎರಡು ಸಿಲಿಂಡರ್ ಉರಿಯುತ್ತವೆ, ಅಂದರೆ ಸೆಕೆಂಡಿಗೆ 25 ಸಲ, ಗಂಟೆಗೆ 90,000 ಸಲ ನಾಝಲ್‌ಗಳು ಡೀಸೆಲ್ ಚಿಮ್ಮಿಸಬೇಕು. ನಿಂತಲ್ಲೇ ಓಡುವ ಇಂಥ ಎಂಜಿನ್ ಗಂಟೆಗೆ ಸುಮಾರು ಮುಕ್ಕಾಲು ಲೀಟರ್ ಸುಡುತ್ತದೆ ಎಂದಿಟ್ಟುಕೊಂಡರೆ, ಒಂದು ಸಲದ ಚಿಮ್ಮುವಿಕೆಗೆ ಸಿಗುವುದು 8 ಘನ ಮಿಲಿಮೀಟರ್‌ನಷ್ಟು ಡೀಸೆಲ್. ಬೆರಳ ತುದಿಯಿಂದ ಜಾರುವ ಒಂದು ಹನಿಯ ಆರನೇ ಒಂದು ಭಾಗ! ಅಷ್ಟನ್ನೇ ಪಂಪು ಅಳೆದು, ಪೈಪಿನುದ್ದಕ್ಕೂ ತಳ್ಳಿ, ನಾಝಲ್ ಬಾಯಿ ತೆರೆಯುವಷ್ಟು, ಅಂದರೆ 200 ಬಾರ್ ಆಸುಪಾಸಿನ ಒತ್ತಡಕ್ಕೆ ಏರಿಸಬೇಕು. ಈ ಅಳತೆಯ ಮುಂದೆ ಒಂದು ಸಾಸಿವೆ ಕಾಳಿನಷ್ಟು ಗಾಳಿಯ ಗುಳ್ಳೆಯೂ ಬಹಳ ದೊಡ್ಡದು. ಡೀಸೆಲ್ ಹೆಚ್ಚುಕಮ್ಮಿ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪಿನಲ್ಲಿ ಡೀಸೆಲ್ ತಳ್ಳುವ ಪ್ಲಂಜರ್ ಮೇಲೇರಿದಾಗ ಗುಳ್ಳೆ ಕುಗ್ಗಿ ಕೂರುತ್ತದೆಯೇ ಹೊರತು ಒತ್ತಡ ಏರುವುದಿಲ್ಲ, ನಾಝಲ್ ತೆರೆಯುವುದಿಲ್ಲ. ಆ ಸಿಲಿಂಡರ್ ಆ ಸಲ ಉರಿಯದೇ ಹೋಗುತ್ತದೆ.

ವೇಗ ಇದ್ದಾಗಲೂ ಹೀಗೆ ಒಂದೆರಡು ಸಲ ತಪ್ಪುತ್ತದೆ, ಆದರೆ ಗೊತ್ತಾಗುವುದಿಲ್ಲ. ತಿರುಗುವ ಫ್ಲೈವೀಲ್‌ನಲ್ಲಿ ಅಡಗಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 750ರ ಬದಲು 3,000 ಆರ್‌ಪಿಎಂ ಇದ್ದರೆ ವೇಗ ನಾಲ್ಕು ಪಟ್ಟು, ಶಕ್ತಿ ಹದಿನಾರು ಪಟ್ಟು. ತಪ್ಪಿದ ಒಂದು ಉರಿಯನ್ನು ಅದು ಸುಲಭವಾಗಿ ನುಂಗಿಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ ಆ ಆಸ್ತಿ ಇರುವುದಿಲ್ಲ. ಪಂಪಿನೊಳಗಿನ ಗವರ್ನರಿನದೂ ಇದೇ ಪಾಡು. ವೇಗ ಕುಗ್ಗಿದರೆ ಡೀಸೆಲ್ ಹೆಚ್ಚಿಸಬೇಕು, ಏರಿದರೆ ತಗ್ಗಿಸಬೇಕು. ಅದು ಆ ಕೆಲಸ ಮಾಡುವುದು ತಿರುಗುವ ಗುಂಡುಗಳ ಹೊರನೂಕು ಬಲದಿಂದ. ಆ ಬಲವೂ ವೇಗದ ವರ್ಗಕ್ಕೇ ತಕ್ಕಂತೆ ಇರುವುದರಿಂದ ಐಡ್ಲಿಂಗ್‌ನಲ್ಲಿ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೆಂದೇ ಒಳಗೆ ಬೇರೆಯದೇ ಒಂದು ಮೆತ್ತನೆಯ ಐಡ್ಲಿಂಗ್ ಸ್ಪ್ರಿಂಗ್ ಇಟ್ಟಿರುತ್ತಾರೆ. ಆ ಸ್ಪ್ರಿಂಗ್ ಸೋತಿದ್ದರೆ, ಡೀಸೆಲ್ ಅಂಟು ಕಟ್ಟಿ, ಒಳಗೆ ಡೀಸೆಲ್ ಅಳತೆ ಬದಲಿಸುವ ರ‍್ಯಾಕ್ ಬಿಗಿಯಾಗಿ ಚಲಿಸುತ್ತಿದ್ದರೆ, ಎಂಜಿನ್ ಉಯ್ಯಾಲೆಯಾಡಿ ಆಡಿ ಕೊನೆಗೆ ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ; ಪಿಕಪ್ ಐಡ್ಲಿಂಗ್ ನಿಲ್ಲುತ್ತಿಲ್ಲ ಎಂದು ಹುಡುಕಿದರೆ ಬರುವ ವಿಡಿಯೊಗಳಲ್ಲಿ ಹಲವು ಅಮೆರಿಕದವು. ಅಲ್ಲಿನ ಹಳೆಯ ಫೋರ್ಡ್, ಷೆವರ್ಲೆ ಪಿಕಪ್‌ಗಳಲ್ಲಿ ಹೆಚ್ಚಿನವು ಪೆಟ್ರೋಲ್ ಗಾಡಿಗಳು. ಪೆಟ್ರೋಲ್ ಎಂಜಿನ್ ಒಳಗೆಳೆಯುವ ಗಾಳಿಯನ್ನು ಥ್ರಾಟಲ್ ಎಂಬ ತಟ್ಟೆ ತಡೆದು ಹಿಡಿಯುತ್ತದೆ. ಕಾಲು ತೆಗೆದಾಗ ತಟ್ಟೆ ಮುಚ್ಚಿ, ಪಕ್ಕದ ಸಣ್ಣ ದಾರಿಯಿಂದ ಬರುವ ಗಾಳಿಯಲ್ಲೇ ಎಂಜಿನ್ ಬದುಕಬೇಕು. ಇಂಜೆಕ್ಷನ್ ಇರುವ ಗಾಡಿಗಳಲ್ಲಿ ಆ ದಾರಿಯನ್ನು ಕಾಯುವ ವಿದ್ಯುತ್ ವಾಲ್ವ್‌ಗೆ ಮಸಿ ಕಟ್ಟಿದರೆ, ವ್ಯಾಕ್ಯೂಮ್ ಪೈಪು ಎಲ್ಲಾದರೂ ಬಿರಿದರೆ ಅವು ನಿಲ್ಲುತ್ತವೆ. ಅವರು ಆ ವಾಲ್ವ್ ಕಳಚಿ ತೊಳೆಯುವುದು ಸರಿಯೇ. ನಮ್ಮ ಹಳೆಯ ಡೀಸೆಲ್ ಪಿಕಪ್‌ನಲ್ಲಿ ಆ ವಾಲ್ವೇ ಇಲ್ಲ. ಗಾಳಿ ಪೂರ್ತಿ ಹೋಗುತ್ತಿರುತ್ತದೆ; ಎಂಜಿನ್ನಿನ ವೇಗ ನಿರ್ಧಾರವಾಗುವುದು ಎಷ್ಟು ಡೀಸೆಲ್ ಚಿಮ್ಮಿತು ಎಂಬುದರಿಂದ ಮಾತ್ರ. ಹಾಗಾಗಿ ಹುಡುಕಾಟವೂ ಡೀಸೆಲ್ ಟ್ಯಾಂಕಿನಿಂದ ನಾಝಲ್‌ವರೆಗಿನ ದಾರಿಯಲ್ಲೇ ಆಗಬೇಕು.

ಆ ದಾರಿಯನ್ನು ಸ್ಪ್ಯಾನರ್ ಹಿಡಿದು ಹುಡುಕುವ ಮೊದಲು ಡ್ರೈವರನ್ನು ಕೂರಿಸಿ ಕೇಳಬೇಕು. ಒಳ್ಳೆಯ ಮೆಕ್ಯಾನಿಕ್‌ಗಳೆಲ್ಲ ಹೀಗೇ ಮಾಡುವುದನ್ನು ಕಂಡಿದ್ದೇನೆ. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಆಫ್ ಆಗುತ್ತದೋ, ಬಿಸಿಯಾದ ಮೇಲೋ? ಟ್ಯಾಂಕ್ ಫುಲ್ ಇದ್ದಾಗಲೂ ಆಗುತ್ತದೋ, ಅರ್ಧಕ್ಕಿಂತ ಇಳಿದ ಮೇಲೋ? ಲೈಟ್ ಆರಿಸಿದ ಹಾಗೆ ಥಟ್ಟನೆ ನಿಲ್ಲುತ್ತದೋ, ಗುಡುಗುಡು ಅಂದು, ಅಲ್ಲಾಡಿ, ಉಸಿರು ಕಟ್ಟಿ ನಿಲ್ಲುತ್ತದೋ? ನಿಲ್ಲುವಾಗ ಹೊಗೆ ಬಿಳಿಯೋ ಕರಿಯೋ? ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೋ? ಈ ಐದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆಯೇ. ಕೇಳದೆ ಪಂಪ್ ಇಳಿಸಲು ಹೊರಡುವ ಗ್ಯಾರೇಜಿನಿಂದ ಗಾಡಿ ವಾಪಸ್ ತರುವುದೇ ಲೇಸು.

ಬೆಳಿಗ್ಗೆ ಸ್ಟಾರ್ಟ್ ಆಗಿ, ಒಂದು ನಿಮಿಷ ಓಡಿ, ಆಫ್ ಆಗಿ, ಆಮೇಲೆ ಬಹಳ ಹೊತ್ತು ಸೆಲ್ಫ್ ಹೊಡೆದರೂ ಏಳದ ಗಾಡಿಯನ್ನೇ ತೆಗೆದುಕೊಳ್ಳಿ. ರಾತ್ರಿ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿದೆ, ಆ ಜಾಗಕ್ಕೆ ಗಾಳಿ ಬಂದು ಕೂತಿದೆ. ಪಂಪಿನ ಹೊಟ್ಟೆಯಲ್ಲಿ ಉಳಿದಿದ್ದಷ್ಟು ಡೀಸೆಲ್‌ನಲ್ಲಿ ಒಂದು ನಿಮಿಷ ಓಡಿತು, ಅದು ಮುಗಿದಾಗ ಗಾಳಿಯ ಸರದಿ ಬಂತು. 'ಏರ್ ಹಿಡಿದಿದೆ' ಎನ್ನುವುದು ಇದಕ್ಕೇ. ಹ್ಯಾಂಡ್ ಪ್ರೈಮರ್ ಒತ್ತಿ ಏರ್ ತೆಗೆದರೆ ಗಾಡಿ ಅಂದಿಗೆ ಸರಿಹೋಗುತ್ತದೆ. ಆದರೆ ಏರ್ ತೆಗೆಯುವುದು ರಿಪೇರಿಯಲ್ಲ. ಗಾಳಿ ಎಲ್ಲಿಂದ ಬಂತು ಎಂದು ಕಂಡುಹಿಡಿಯುವುದು ರಿಪೇರಿ.

ಈ ಹುಡುಕಾಟದಲ್ಲಿ ಅನುಭವಿಗಳನ್ನೂ ದಾರಿ ತಪ್ಪಿಸುವ ಸಂಗತಿ ಒಂದಿದೆ. ಎಲ್ಲಿ ಲೀಕ್ ಇದೆಯೋ ಅಲ್ಲಿ ಡೀಸೆಲ್ ಜಿನುಗಬೇಕು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಭಾಗದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಪಂಪು ಡೀಸೆಲನ್ನು ಎಳೆಯುತ್ತಿರುತ್ತದೆ, ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಬಿರುಕಿನ ಮೂಲಕ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹೊರಗೆ ಬರುವುದಿಲ್ಲ. ಪೈಪು ಒಣಗಿ, ಧೂಳು ಹಿಡಿದು, ನೋಡಲು ಸರಿಯಾಗೇ ಕಾಣುತ್ತದೆ. ರೋಟರಿ ಪಂಪ್ ಇರುವ ಹಲವು ಗಾಡಿಗಳಲ್ಲಿ ಹೊರಗೆ ಪ್ರತ್ಯೇಕ ಫೀಡ್ ಪಂಪೇ ಇಲ್ಲ, ಎಳೆಯುವ ವ್ಯವಸ್ಥೆ ದೊಡ್ಡ ಪಂಪಿನ ಒಳಗೇ ಇದೆ. ಅಂಥವುಗಳಲ್ಲಿ ಫಿಲ್ಟರು, ಅದರ ತಲೆಯ ಮೇಲಿನ ಪ್ರೈಮರ್, ಎಲ್ಲವೂ ಎಳೆತದ ಭಾಗಕ್ಕೇ ಸೇರುತ್ತವೆ. ಅಷ್ಟು ಜಾಗದಲ್ಲಿ ಎಲ್ಲಿ ಬೇಕಾದರೂ ಗಾಳಿ ನುಸುಳಬಹುದು. ಬಿಸಿಲು ತಿಂದು ಸೀಳಿದ ರಬ್ಬರ್ ಪೈಪು, ಕ್ಲಿಪ್ ಬದಲು ತಂತಿ ಸುತ್ತಿದ ಜಾಯಿಂಟು, ಫಿಲ್ಟರ್ ಬದಲಿಸುವಾಗ ಹಳೆಯದನ್ನೇ ಹಾಕಿದ ಓ-ರಿಂಗ್, ಹತ್ತು ಸಲ ಬಿಚ್ಚಿ ಕಟ್ಟಿ ಗಟ್ಟಿಯಾದ ತಾಮ್ರದ ವಾಷರ್. ತಾಮ್ರದ ವಾಷರ್ ಒಮ್ಮೆ ಬಿಗಿದ ಮೇಲೆ ಗಡುಸಾಗುತ್ತದೆ, ಮತ್ತೆ ಒತ್ತಿದರೆ ಜಾಗಕ್ಕೆ ಕೂರುವುದಿಲ್ಲ. ಹೊಸದು ಹಾಕಬೇಕು. ಸಿಗದಿದ್ದರೆ ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ. ಇಷ್ಟು ಕಡಿಮೆ ಬೆಲೆಯ ವಾಷರ್‌ನಿಂದಾಗಿ ಪಂಪ್ ಇಳಿಸಿದ ಗಾಡಿಗಳು ಎಷ್ಟೋ.

ಗಾಳಿಯನ್ನು ಕಣ್ಣಿಗೆ ಕಾಣಿಸುವ ವಿಧಾನ ಬಹಳ ಸರಳ. ಹಾಸನದ ಹೊರಗೆ ಹೆದ್ದಾರಿ ಬದಿಯ ಒಂದು ಗ್ಯಾರೇಜಿನಲ್ಲಿ ಅದನ್ನು ಹತ್ತಿರದಿಂದ ನೋಡಿದೆ. ಮೆಕ್ಯಾನಿಕ್ ಪಂಪಿಗೆ ಬರುವ ರಬ್ಬರ್ ಪೈಪ್ ಕಳಚಿ, ಆ ಜಾಗಕ್ಕೆ ಗೇಣುದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ, ಕ್ಲಿಪ್ ಬಿಗಿದರು. ಏರ್ ತೆಗೆದು ಗಾಡಿ ಸ್ಟಾರ್ಟ್ ಮಾಡಿದಾಗ ಪೈಪಿನಲ್ಲಿ ತಿಳಿ ಡೀಸೆಲ್ ಹರಿಯುತ್ತಿತ್ತು. ಕೊಂಚ ಹೊತ್ತಾದ ಮೇಲೆ ಒಂದು ಗುಳ್ಳೆ, ಹಿಂದೆಯೇ ಮೂರು, ಆಮೇಲೆ ಸಾಲು. ಗುಳ್ಳೆಗಳು ಪಂಪು ಸೇರಿದ ಮರುಕ್ಷಣ ಎಂಜಿನ್ ಸ್ವರ ಕುಗ್ಗುತ್ತಿತ್ತು.

"ನೋಡಪ್ಪಾ, ನಿನ್ನ ಗಾಡಿ ಡೀಸೆಲ್ ಜತೆ ಗಾಳಿ ಕುಡೀತಿದೆ."

"ಪೈಪು ಹೊಸದು ಹಾಕ್ಸಿದ್ನಲ್ಲ ಅಣ್ಣಾ?"

ಮೆಕ್ಯಾನಿಕ್ ಉತ್ತರ ಹೇಳಲಿಲ್ಲ. ಬೆರಳಿನಲ್ಲಿ ಗ್ರೀಸ್ ತೆಗೆದುಕೊಂಡು ಒಂದೊಂದೇ ಜಾಯಿಂಟಿನ ಸುತ್ತ ದಪ್ಪಗೆ ಮೆತ್ತುತ್ತ ಬಂದರು. ಟ್ಯಾಂಕಿನ ಕಡೆಯ ಜಾಯಿಂಟಿಗೆ ಮೆತ್ತಿದಾಗ ಗುಳ್ಳೆ ನಿಲ್ಲಲಿಲ್ಲ. ಫಿಲ್ಟರಿನ ಬಾಯಿಗೆ ಮೆತ್ತಿದಾಗಲೂ ಇಲ್ಲ. ಪ್ರೈಮರಿನ ಕತ್ತಿನ ಸುತ್ತ ಮೆತ್ತಿದರು, ಗುಳ್ಳೆಗಳ ಸಾಲು ತುಂಡಾಯಿತು. ಎಂಜಿನ್ ಒಂದೇ ಶ್ರುತಿಯಲ್ಲಿ ಓಡತೊಡಗಿತು. ಹೊರಗೆ ಹನಿ ಡೀಸೆಲ್ ಇಲ್ಲದ, ಯಾರೂ ಅನುಮಾನಿಸದ ಜಾಗ ಅದು. ಪ್ರೈಮರ್ ಬದಲಿಸಿದ ಮೇಲೆ, ಹಿಂದೆ ಯಾರೋ ಏರಿಸಿದ್ದ ಐಡ್ಲಿಂಗ್ ಸ್ಕ್ರೂವನ್ನು ಅವರೇ ಹಿಂದಕ್ಕೆ ತಿರುಗಿಸಿ ಮೊದಲಿನ ಜಾಗಕ್ಕೆ ತಂದರು. ಪಾರದರ್ಶಕ ಪೈಪು ಪರೀಕ್ಷೆಗೆ ಮಾತ್ರ. ಅದು ಡೀಸೆಲ್ ತಾಗಿ ಬೇಗ ಗಡುಸಾಗಿ ಬಿರಿಯುತ್ತದೆ, ಅದನ್ನೇ ಬಿಟ್ಟು ಕಳಿಸಿದರೆ ಮುಂದಿನ ಲೀಕ್ ಅದರದೇ ಆಗುತ್ತದೆ.

ಗುಳ್ಳೆ ಕಂಡು ಜಾಗ ಸಿಗದಿದ್ದರೆ ಕ್ಯಾನ್ ಹಚ್ಚಿ ನೋಡಬೇಕು. ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಇಟ್ಟು, ಹೊಸ ಪೈಪಿನಿಂದ ನೇರವಾಗಿ ಪಂಪಿಗೆ ಕೊಟ್ಟು, ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಇಳಿಬಿಟ್ಟು ಓಡಿಸುವುದು. ಅರ್ಧ ಗಂಟೆ ಸ್ಲೋನಲ್ಲಿ ಅಲುಗದೆ ಓಡಿದರೆ ಪಂಪು, ನಾಝಲ್, ಕಂಪ್ರೆಷನ್ ಮೂರೂ ಐಡ್ಲಿಂಗ್ ಮಟ್ಟಿಗೆ ಸರಿ, ದೋಷ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿದೆ ಎಂದು ಖಚಿತ. ಕ್ಯಾನ್ ಹಚ್ಚಿದರೂ ಆಫ್ ಆದರೆ ಮುಂದಿನ ಭಾಗ ನೋಡಬೇಕು. ನನ್ನ ಮಟ್ಟಿಗೆ, ಈ ಒಂದು ಪರೀಕ್ಷೆ ಮಾಡದೆ ಪಂಪಿಗೆ ಕೈ ಹಾಕುವುದು ಅಪರಾಧ.

ಟ್ಯಾಂಕ್ ಅರ್ಧಕ್ಕಿಂತ ಇಳಿದ ಮೇಲೆ, ಅದರಲ್ಲೂ ಬ್ರೇಕ್ ಒತ್ತಿ ನಿಲ್ಲಿಸುವಾಗ ಆಫ್ ಆಗುವ ಗಾಡಿಗಳದು ಬೇರೆ ಕತೆ. ಟ್ಯಾಂಕಿನೊಳಗೆ ಡೀಸೆಲ್ ಎಳೆಯಲು ಇಳಿಬಿಟ್ಟ ಕೊಳವೆ ತುಕ್ಕು ಹಿಡಿದು ನಡುವೆ ತೂತಾಗಿರುತ್ತದೆ. ಟ್ಯಾಂಕ್ ತುಂಬಿದ್ದಾಗ ತೂತು ಡೀಸೆಲ್‌ನಲ್ಲಿ ಮುಳುಗಿರುತ್ತದೆ, ತೊಂದರೆಯಿಲ್ಲ. ಮಟ್ಟ ಇಳಿದಾಗ ಆ ತೂತು ಗಾಳಿ ಎಳೆಯಲು ತೊಡಗುತ್ತದೆ. 'ಡೀಸೆಲ್ ಫುಲ್ ಇದ್ರೆ ಏನೂ ಇಲ್ಲ' ಎಂದು ಡ್ರೈವರ್ ಹೇಳಿದರೆ ಬೇರೆಲ್ಲ ಬಿಟ್ಟು ಮೊದಲು ಈ ಕೊಳವೆ ಎತ್ತಿ ನೋಡಬೇಕು.

ಕಟ್ಟಿಕೊಂಡ ಫಿಲ್ಟರ್ ಬಗ್ಗೆ ಒಂದು ಮಾತು. ಐಡ್ಲಿಂಗ್ ದೂರು ಬಂದಕೂಡಲೇ ಫಿಲ್ಟರ್ ಬದಲಿಸುವ ರೂಢಿ ಇದೆ. ಬದಲಿಸಿದರೆ ನಷ್ಟವೇನಿಲ್ಲ. ಆದರೆ ಸ್ಲೋನಲ್ಲಿ ಬೇಕಾಗುವ ಅಷ್ಟು ಕಡಿಮೆ ಡೀಸೆಲ್ ಸಾಮಾನ್ಯವಾಗಿ ಕೊಳಕು ಫಿಲ್ಟರಿನಿಂದಲೂ ಹಾಯ್ದು ಬಂದೀತು. ಫಿಲ್ಟರ್ ಕಟ್ಟಿದ ಗಾಡಿ ಚಾರ್ಮಾಡಿ ಘಾಟಿ ಏರುವಾಗ ಎಳೆಯಲಾರದೆ ಸೋಲುತ್ತದೆ, ಸ್ಲೋನಲ್ಲಿ ಓಡುತ್ತಲೇ ಇರುತ್ತದೆ. ಗಾಳಿ ಹಿಡಿದ ಗಾಡಿ ಇದರ ತಿರುಗುಮುರುಗು, ಘಾಟಿ ಏರುತ್ತದೆ, ಸ್ಲೋನಲ್ಲಿ ಸಾಯುತ್ತದೆ. ಆಫ್ ಆಗಿ, ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುವ ಗಾಡಿಯಾದರೆ ಟ್ಯಾಂಕಿನ ಜಾಲರಿಗೆ ಕಸ ಅಂಟಿಕೊಂಡು, ಎಳೆತ ನಿಂತಾಗ ಉದುರುತ್ತಿದೆ ಎಂದು ಅನುಮಾನಿಸಬಹುದು. ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದಾಗ 'ಹುಸ್' ಎಂದು ಗಾಳಿ ಒಳಗೆ ನುಗ್ಗಿದರೆ, ಗಾಳಿಯಾಡುವ ರಂಧ್ರ ಮುಚ್ಚಿ ಟ್ಯಾಂಕಿನೊಳಗೆ ಎಳೆತ ಹುಟ್ಟಿದೆ ಎಂದರ್ಥ. ಮಳೆಗಾಲದಲ್ಲಾದರೆ ಡೀಸೆಲ್ ಜತೆ ನೀರು ಸೇರಿರಬಹುದು. ಫಿಲ್ಟರಿನ ಬುಡದ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅಲುಗಾಡದಂತೆ ಇಡಿ. ನೀರಿದ್ದರೆ ಕೆಳಗೆ ಬೇರೆ ಪದರವಾಗಿ ಕೂರುತ್ತದೆ.

ಥಟ್ಟನೆ ನಿಲ್ಲುವ ಗಾಡಿಯಲ್ಲಿ ಇದ್ಯಾವುದನ್ನೂ ಹುಡುಕಬೇಕಿಲ್ಲ. ಡೀಸೆಲ್ ಕೊರತೆಯಾದ ಎಂಜಿನ್ ಒದ್ದಾಡಿ ನಿಲ್ಲುತ್ತದೆ. ಸ್ವಿಚ್ ಆರಿಸಿದಂತೆ ನಿಂತರೆ ನಿಲ್ಲಿಸುವ ವ್ಯವಸ್ಥೆಯೇ ನಿಲ್ಲಿಸುತ್ತಿದೆ. ರೋಟರಿ ಪಂಪಿನ ತಲೆಯ ಮೇಲೆ ಕರೆಂಟ್ ಇದ್ದಷ್ಟು ಹೊತ್ತು ಡೀಸೆಲ್ ದಾರಿ ತೆರೆದಿಡುವ ಒಂದು ಸೊಲೆನಾಯ್ಡ್ ಇರುತ್ತದೆ. ಅದರ ವೈರು ಸಡಿಲವಾಗಿದ್ದು, ಸ್ಲೋನಲ್ಲಿ ಎಂಜಿನ್ ಹೆಚ್ಚು ನಡುಗುವುದರಿಂದ ಆ ಗಳಿಗೆಯಲ್ಲೇ ಕರೆಂಟ್ ತಪ್ಪಬಹುದು. ಸ್ಟಾರ್ಟ್ ಇರುವಾಗ ವೈರನ್ನು ಮೆಲ್ಲಗೆ ಅಲುಗಾಡಿಸಿದರೆ ಗೊತ್ತಾಗುತ್ತದೆ. ಎಳೆದು ಆಫ್ ಮಾಡುವ ಹಳೆಯ ಗಾಡಿಗಳಲ್ಲಿ ಸ್ಟಾಪ್ ಕೇಬಲ್ ನೋಡಬೇಕು. ತುಕ್ಕು ಹಿಡಿದ ಕೇಬಲ್ ಒಳಗೆ ತಳ್ಳಿದಾಗ ಪೂರ್ತಿ ಹಿಂದೆ ಹೋಗದೆ, ಪಂಪಿನ ಸ್ಟಾಪ್ ಲಿವರನ್ನು ಅರ್ಧ ಎಳೆದ ಸ್ಥಿತಿಯಲ್ಲೇ ಹಿಡಿದಿರುತ್ತದೆ. ಕೇಬಲ್ ಕಳಚಿ ಲಿವರ್ ಬಿಟ್ಟರೆ ಗಾಡಿ ಸ್ಲೋನಲ್ಲಿ ಸರಿಯಾಗಿ ಓಡುವುದನ್ನು ಕಂಡು ಮಾಲೀಕರು ನಂಬದೆ ನೋಡುತ್ತಾರೆ.

ಒಂದು ಸಿಲಿಂಡರ್ ಸೋತಿರುವ ಗಾಡಿಯನ್ನು ಕಿವಿಯೇ ಹೇಳುತ್ತದೆ. ಸ್ಲೋನಲ್ಲಿ ಓಡುತ್ತಿರುವಾಗ ಒಂದೊಂದೇ ನಾಝಲ್ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ ಮತ್ತೆ ಬಿಗಿ ಮಾಡುತ್ತ ಹೋಗುವುದು ಹಳೆಯ ಕ್ರಮ. ಸಡಿಲಿಸಿದಾಗ ಎಂಜಿನ್ ಸ್ವರ ಬದಲಾಗಿ ಕುಂಟಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ಬದಲಾಗದಿದ್ದರೆ ಅದೇ ಮೈಗಳ್ಳ. ಅದರ ನಾಝಲ್ ಬಿಚ್ಚಿ ಟೆಸ್ಟರಿಗೆ ಹಾಕಬೇಕು, ನಾಝಲ್ ಚೆನ್ನಾಗಿ ಸಿಂಪಡಿಸುತ್ತಿದ್ದರೆ ಕಂಪ್ರೆಷನ್ ಅಳೆಯಬೇಕು. ಕೈಗೆ ಬಟ್ಟೆ ಸುತ್ತಿ, ಮುಖ ದೂರವಿಟ್ಟು ಮಾಡುವ ಕೆಲಸ ಇದು. ಚಿಮ್ಮುವ ಡೀಸೆಲ್‌ಗೆ ಬೆರಳು ಒಡ್ಡಿದರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಮಾಂಸ ಕೊಳೆಯುತ್ತದೆ, ತಕ್ಷಣ ದೊಡ್ಡಾಸ್ಪತ್ರೆಗೆ ಹೋಗದಿದ್ದರೆ ಬೆರಳೇ ಹೋಗಬಹುದು. ಕಾಮನ್ ರೈಲ್ ಗಾಡಿಗಳಲ್ಲಂತೂ ಓಡುವ ಎಂಜಿನ್ನಿನ ನಟ್ಟಿಗೆ ಕೈ ಹಚ್ಚಲೇಬಾರದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟಬಲ್ಲದು, ಪರೀಕ್ಷೆಯ ಕ್ರಮವೂ ಬೇರೆ. ಪ್ರತಿ ಇಂಜೆಕ್ಟರಿನ ರಿಟರ್ನಿಗೂ ಒಂದೊಂದು ಬಾಟಲಿ ಕಟ್ಟಿ, ಯಾವುದು ಹೆಚ್ಚು ಡೀಸೆಲ್ ಹಿಂದಕ್ಕೆ ಬಿಡುತ್ತಿದೆ ಎಂದು ನೋಡುತ್ತಾರೆ. ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್ ಮಸಿಯಿಂದ ತೆರೆದೇ ಉಳಿದು ಸ್ಲೋ ಕೆಡುವುದೂ ಆ ಗಾಡಿಗಳಲ್ಲಿ ಉಂಟು.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಪಂಪು. ಬೆಂಗಳೂರಿನವರಿಗೆ ಇದು ದೂರದ ವಸ್ತುವಲ್ಲ. 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ತೋರಿಸಿದ ಎಂಜಿನ್, ಇಂಧನ ಊದಲು ದೊಡ್ಡ ಏರ್ ಕಂಪ್ರೆಸರ್ ಬೇಡುತ್ತಿತ್ತು, ಹಾಗಾಗಿ ಗಾಡಿಗೆ ಒಗ್ಗಲಿಲ್ಲ. 1927ರಲ್ಲಿ ಬಾಷ್ ಕಂಪನಿ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಲಾರಿ ರಸ್ತೆಗೆ ಸರಾಗವಾಗಿ ಬಂದದ್ದು. ಅದೇ ಬಾಷ್ ಬಳಗದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಭಾರತದಲ್ಲಿ ಹುಟ್ಟಿದ್ದು 1951ರಲ್ಲಿ, ನೆಲೆಯೂರಿದ್ದು ಬೆಂಗಳೂರಿನ ಆಡುಗೋಡಿಯಲ್ಲಿ. ಮೈಕೊ ಎಂದೇ ಕರೆಯುತ್ತಿದ್ದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಬೆಂಗಳೂರಿನ ಒಂದು ಬಡಾವಣೆಗೆ ಮಾತ್ರ ಮೈಕೊ ಲೇಔಟ್ ಎಂಬ ಹೆಸರೇ ಉಳಿದಿದೆ, ಗ್ಯಾರೇಜುಗಳಲ್ಲಿ ಪಂಪಿಗೆ 'ಮೈಕೊ ಪಂಪ್' ಎನ್ನುವುದೂ ಹಾಗೆಯೇ ಉಳಿದಿದೆ. ಈ ಪಂಪಿನೊಳಗೆ ಪ್ಲಂಜರಿಗೂ ಅದರ ಬ್ಯಾರೆಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್, ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ರಸ್ತೆಬದಿಯ ಧೂಳಿನಲ್ಲಿ ಅದನ್ನು ಬಿಚ್ಚಬಾರದು ಎನ್ನುವುದು ಇದಕ್ಕೇ. ಪೂರ್ತಿ ಲೋಡಿನಲ್ಲಿ ಸಿಗುವ ಡೀಸೆಲ್ ಮಿತಿಯನ್ನು ಹಿಡಿಯುವ ಫುಲ್ ಲೋಡ್ ಸ್ಕ್ರೂವಿಗೆ ಹಾಕಿದ ಸೀಲನ್ನು ಕಿತ್ತು ತಿರುಗಿಸುವುದಂತೂ ಐಡ್ಲಿಂಗ್ ಕಾಯಿಲೆಗೆ ಸಂಬಂಧವೇ ಇಲ್ಲದ ಕೆಲಸ.

ಪಂಪು ನಿಜಕ್ಕೂ ಸವೆದಿದೆಯೇ ಎಂದು ತಿಳಿಯಲು ಬಿಚ್ಚುವ ಮುನ್ನವೇ ಒಂದು ಸುಳಿವು ಸಿಗುತ್ತದೆ. ಸವೆದ ರೋಟರಿ ಪಂಪ್ ಇರುವ ಗಾಡಿ ತಣ್ಣಗಿದ್ದಾಗ ಸರಿಯಾಗಿರುತ್ತದೆ, ಬಿಸಿಯಾದ ಮೇಲೆ ಸ್ಲೋನಲ್ಲಿ ಆಫ್ ಆಗಿ, ಮತ್ತೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಸಂದಿನಲ್ಲಿ ಸೋರಿಹೋಗುತ್ತದೆ. ಆಗ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದಾಗ ಗಾಡಿ ಎದ್ದರೆ, ಪಂಪ್ ಅಂಗಡಿಗೆ ಹೋಗುವ ಕಾಲ ಬಂದಿದೆ. ತಣ್ಣೀರನ್ನು ನೇರವಾಗಿ ಸುರಿಯಬಾರದು, ಕಾದ ಲೋಹ ಒಮ್ಮೆಲೇ ಕುಗ್ಗಿ ಪಂಪೇ ಹಿಡಿದುಕೊಂಡೀತು. ಇದಕ್ಕೆ ವಿರುದ್ಧವಾಗಿ, ಚಳಿಯ ಬೆಳಗಿನಲ್ಲಿ ಮಾತ್ರ ಬಿಳಿ ಹೊಗೆ ಬಿಟ್ಟು ನಿಂತು, ಬಿಸಿಯಾದ ಮೇಲೆ ಗಟ್ಟಿಯಾಗಿ ಓಡುವ ಗಾಡಿಯಲ್ಲಿ ಗಾಳಿಯ ದೋಷ ಇಲ್ಲವೆಂದಾದರೆ, ಹೀಟರ್ ಪ್ಲಗ್ ಇರುವ ಎಂಜಿನ್‌ಗಳಲ್ಲಿ ಅದನ್ನೂ, ಇಲ್ಲದವುಗಳಲ್ಲಿ ಕಂಪ್ರೆಷನ್ನನ್ನೂ ಪರೀಕ್ಷಿಸಬೇಕು.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣ ಯಾರ್ಡಿನ ಸಾಲಿನ ಕಿರಿಕಿರಿಯಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಹುಟ್ಟುವುದಿಲ್ಲ, ಎಂಜಿನ್ ತಿರುಗಿಸುವ ಒಂದು ವ್ಯಾಕ್ಯೂಮ್ ಪಂಪಿನಿಂದ ಬರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಇದೆ. ಎಂಜಿನ್ ನಿಂತರೆ ಬೂಸ್ಟರಿನಲ್ಲಿ ಉಳಿದಿರುವುದು ಒಂದೆರಡು ಸಲದ ಬ್ರೇಕು. ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಬಿಗಿಯುತ್ತದೆ. ಶಿರಾಡಿಯಲ್ಲೋ ಆಗುಂಬೆಯಲ್ಲೋ ಲೋಡ್ ಹಾಕಿಕೊಂಡು ಇಳಿಯುವಾಗ, ತಿರುವಿನಲ್ಲಿ ಕ್ಲಚ್ ಒತ್ತಿದ ಗಳಿಗೆಗೆ ಎಂಜಿನ್ ಆಫ್ ಆದರೆ ಆಗುವುದೇನು ಎಂದು ಪ್ರತಿ ಮಾಲೀಕನೂ ಯೋಚಿಸಬೇಕು. ಸ್ಲೋನಲ್ಲಿ ನಿಲ್ಲದ ಗಾಡಿಯನ್ನು ಘಾಟಿಗೆ ಕಳಿಸಬಾರದು. ಕಳಿಸಿ, ಡ್ರೈವರಿಗೆ 'ರೇಸ್ ಹಿಡಿದುಕೊಂಡೇ ಹೋಗು' ಎಂದು ಹೇಳುವ ಮಾಲೀಕರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಇಳಿಜಾರಿನಲ್ಲಿ ಆಫ್ ಆಗಿಯೇ ಹೋದರೆ ಬ್ರೇಕನ್ನು ಪದೇಪದೇ ತುಳಿದು ಬಿಡಬಾರದು, ಒಮ್ಮೆ ಒತ್ತಿ ಹಿಡಿದೇ ಇರಬೇಕು. ಕ್ಲಚ್ ಬಿಟ್ಟು ಗಾಡಿಯನ್ನು ಗೇರಿನಲ್ಲೇ ಇಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಅದರೊಂದಿಗೆ ವ್ಯಾಕ್ಯೂಮ್ ಪಂಪೂ ತಿರುಗುತ್ತದೆ. ನ್ಯೂಟ್ರಲ್ ಮಾಡಿದರೆ ಆ ಆಸರೆಯೂ ತಪ್ಪುತ್ತದೆ.

ದೋಷ ಸಿಕ್ಕಿ, ಸರಿಯಾಗಿ, ಏರ್ ಪೂರ್ತಿ ತೆಗೆದ ಮೇಲೆ ಐಡ್ಲಿಂಗ್ ಸ್ಕ್ರೂವಿನ ಸರದಿ ಬರುತ್ತದೆ. ಅದನ್ನು ತಣ್ಣನೆಯ ಎಂಜಿನ್ನಿನಲ್ಲಿ ಹೊಂದಿಸಬಾರದು. ಒಂದಷ್ಟು ದೂರ ಓಡಿಸಿ, ಬಿಸಿ ಮಾಡಿ, ಮೊದಲು ಆಕ್ಸಿಲರೇಟರ್ ಕೇಬಲ್ ಸ್ವಲ್ಪ ಸಡಿಲ ಇದೆಯೇ, ಲಿವರ್ ಬಂದು ಸ್ಕ್ರೂವಿಗೆ ತಾಗುತ್ತಿದೆಯೇ ನೋಡಬೇಕು. ಕೇಬಲ್ ಬಿಗಿದು ಎಳೆದಿದ್ದರೆ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ಕಂಪನಿ ಹೇಳಿದ ಆರ್‌ಪಿಎಂಗೆ ತಂದು, ಲಾಕ್ ನಟ್ ಬಿಗಿದು, ಹೆಡ್‌ಲೈಟ್ ಹಚ್ಚಿ, ಪವರ್ ಸ್ಟೀರಿಂಗ್ ಇದ್ದರೆ ಒಂದು ಕಡೆಗೆ ಪೂರ್ತಿ ತಿರುಗಿಸಿ, ಬ್ರೇಕ್ ನಾಲ್ಕಾರು ಸಲ ಒತ್ತಬೇಕು. ಸ್ವರ ಒಂದು ಕ್ಷಣ ಕುಗ್ಗಿ ತಾನಾಗಿ ಮೇಲೇಳಬೇಕು. ಎದ್ದರೆ ಗಾಡಿಯನ್ನು ಆ ರಾತ್ರಿ ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಪ್ರೈಮರ್ ಮುಟ್ಟದೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಿ ಐದು ನಿಮಿಷ ಸ್ಲೋನಲ್ಲಿ ನಿಲ್ಲುತ್ತದೆಯೇ ನೋಡಿ. ಅದಾದ ಮೇಲೆ ಗ್ಯಾರೇಜಿನ ಬಿಲ್ ಕೊಡಿ.